ಏಳನೇ ಸ್ಟಾಲಿನ ಊಟ

"ನಿಮ್ಮವ್ವ ತೊಳಸಿದ ಮುದ್ದೇನ ಯಾವ ಬೋಳಿಮಗ ನುಂಗ್ತಾನಮ್ಮೀ? ನಾನ್ ನುಂಗ್ಲಾ? ಪ್ರಿನ್ಸಿಪಾಲ್ರು ನುಂಗ್ಲಾ? ಇಲ್ಲಾ ಡೆಲ್ಲಿಯಿಂದ ಬರೋ ಆಯಮ್ಮ ನುಂಗ್ಲಾ?"

ಕೇಳಿದ್ದು ನನ್ನನ್ನು. ಆದರೆ ಕಾರ್ಯದರ್ಶಿ ಚನ್ನಪ್ಪನವರ ಕಣ್ಣು ಇದ್ದದ್ದು ರವಿಕುಮಾರ್ ಮೇಷ್ಟ್ರ ಮೇಲೆ. ಮೇಷ್ಟ್ರು ನಮ್ಮ ಜನವೇ. ಕಾಲೇಜಿನಲ್ಲಿ ಎಸ್ಸಿ ಎಸ್ಟಿ ಸೆಲ್ ಅಂತ ಒಂದಿತ್ತಲ್ಲ, ಅದಕ್ಕೆ ಸಂಚಾಲಕರು. ಅವರು ತಮ್ಮ ಬೂಟಿನ ಲೇಸು ನೋಡಿಕೊಂಡು ನಿಂತಿದ್ದರು.

"ಸ್ಟಾಲು ನಮ್ದು ಅಂದಿದ್ರಲ್ಲ ಸಾರ್, ಅದಕ್ಕೆ ಕೇಳ್ದೆ..." ಅಂದೆ.

"ನಿಮ್ದೇ ಕಣಮ್ಮೀ, ಯಾರು ಇಲ್ಲ ಅಂದೋರು? ನಿಂತ್ಕಳ್ಳೋದು ನೀವು, ಫೋಟೋ ನಿಮ್ದು. ಅಡುಗೆ ಕ್ಯಾಂಟೀನ್ ಭಟ್ರದ್ದು, ಬಡಿಸೋದು ಅವರ ಕಡೆಯೋರು. ಸೌಟು ಗೀಟು ಮುಟ್ಟೀಯ, ಹುಷಾರು!"

ಇದು ನಡೆದದ್ದು ಎರಡು ಸಾವಿರದ ಮೂರರಲ್ಲಿ. ನಾನು ಭಾಗ್ಯ, ಎರಡನೇ ವರ್ಷದ ಬಿ.ಎ. ಹಳೇಬೀಡು ರಸ್ತೆಯಲ್ಲಿ ಚನ್ನಪ್ಪನವರ ತಂದೆ ಕಟ್ಟಿಸಿದ ಕಾಲೇಜು ನಮ್ಮದು. ಡೆಲ್ಲಿಯಿಂದ ಕಮಿಟಿ ಬರುವುದಿತ್ತು. ಹಿಂದುಳಿದ ಮಕ್ಕಳಿಗೆ ಏನೇನು ನೆರವು ಕೊಟ್ಟಿದ್ದೀರಿ, ಬೇರೆ ಬೇರೆ ಸಂಸ್ಕೃತಿಯ ಮಕ್ಕಳನ್ನು ಹೇಗೆ ನೋಡಿಕೊಳ್ಳುತ್ತೀರಿ ಅಂತ ನೋಡಿ ಕಾಲೇಜಿಗೇ ಅಂಕ ಕೊಡುವ ಕಮಿಟಿ. ಅದು ಬರುತ್ತದೆ ಅಂದಮೇಲೆ ನಾವು ಇದ್ದೇವೆ ಅನ್ನುವುದು ಎಲ್ಲರಿಗೂ ನೆನಪಾಯಿತು.

ಸೆಲ್ಲಿನ ಕೋಣೆಯಲ್ಲಿದ್ದ ಕ್ರಿಕೆಟ್ ಮ್ಯಾಟು, ಮುರುಕು ಬೆಂಚು ಒಂದೇ ದಿನದಲ್ಲಿ ಆಚೆ ಬಿದ್ದವು. ಕೋಣೆ ಗುಡಿಸಿ ಸಾರಿಸಿದವಳು ನಮ್ಮವ್ವ. ನಮಗೆ ಇಂಗ್ಲಿಷಿಗೆ ವಿಶೇಷ ತರಗತಿ ನಡೆಸಿದ್ದಾರೆ ಅಂತ ರಿಜಿಸ್ಟರು ಬಂತು. ನಡೆಯದ ಎರಡು ವರ್ಷದ ತರಗತಿಗೆ ನಾವು ಒಂದೇ ಮಧ್ಯಾಹ್ನ ಸಹಿ ಹಾಕಿದೆವು. ಅನುಮಾನ ಬರಬಾರದು ಅಂತ ರವಿಕುಮಾರ್ ಮೇಷ್ಟ್ರು ನೀಲಿ ಪೆನ್ನು ಒಂದು, ಕಪ್ಪು ಪೆನ್ನು ಒಂದು ಕೊಟ್ಟಿದ್ದರು. ಆಮೇಲೆ ಎಂಟು ಸ್ಟಾಲಿನ 'ಸಂಸ್ಕೃತಿ ಸಂಗಮ' ಹೊರಟಿತು. ಅರಸೀಕೆರೆ ಕಡೆ ತಾಂಡಾದ ಶಾಂತಿಬಾಯಿಗೆ ಅವಳ ಅಜ್ಜಿಯ ಮದುವೆ ಲಂಗ ತರಲು ಹೇಳಿದರು. ಬಿಕ್ಕೋಡಿನ ಎಸ್ಟೇಟ್ ಲೈನಿನ ಸೆಲ್ವನ ಸೊಂಟಕ್ಕೆ ಸೊಪ್ಪು ಕಟ್ಟಲು ಹೋದರು.

"ಸಾರ್, ನಾವ್ ತಮಿಳ್ರು. ಕಾಫಿ ಕುಯ್ಯೋರು ಸಾರ್, ಪ್ಯಾಂಟೇ ಹಾಕೋದು" ಅಂದ ಅವನು.

"ಗಿರಿಜನರು ಯಾರೂ ಸಿಕ್ಕಿಲ್ಲ ಕಣೋ. ಒಂದಿನ ಅಡ್ಜಸ್ಟ್ ಮಾಡ್ಕೊ" ಅಂದರು ಮೇಷ್ಟ್ರು.

ಏಳನೇ ಸ್ಟಾಲು ನಮ್ಮದು. 'ದಲಿತ ಸಂಸ್ಕೃತಿ: ಊಟ ಮತ್ತು ಬದುಕು' ಅಂತ ಬ್ಯಾನರು ಬರೆಸಿದ್ದರು. ಊಟದ ಪಟ್ಟಿಯಲ್ಲಿ ಮುದ್ದೆ, ಹುರುಳಿಕಾಳಿನ ಬಸ್ಸಾರು. ನಾವು ಹಬ್ಬಕ್ಕೆ ತಿನ್ನುವುದು ಪಟ್ಟಿಯಲ್ಲಿ ಇರಲಿಲ್ಲ. ಅದನ್ನು ಸಂಸ್ಕೃತಿ ಅನ್ನುವುದಿಲ್ಲವಂತೆ.

ನಮ್ಮವ್ವ ಮುದ್ದಮ್ಮ ಹದಿನಾಲ್ಕು ವರ್ಷದಿಂದ ಆ ಕಾಲೇಜಿನ ಕಕ್ಕಸು ತೊಳೆಯುತ್ತಿದ್ದಳು. ಇನ್ನೂ ಟೆಂಪರ್ವರಿ. ಜೂನಿಗೆ ಹೆಣ್ಣುಮಕ್ಕಳ ಹಾಸ್ಟೆಲ್ಲು ಶುರುವಾಗುತ್ತದೆ, ಅಡುಗೆಗೆ ಜನ ಬೇಕು ಅಂತ ಅವಳ ಕಿವಿಗೆ ಬಿದ್ದಿತ್ತು. ಅಂದಿನಿಂದ ಅವಳಿಗೆ ಅದೇ ಧ್ಯಾನ. ಹಗರೆಯ ನಮ್ಮ ಕೇರಿಯಲ್ಲಿ ಮದುವೆಯಾಗಲಿ ತಿಥಿಯಾಗಲಿ, ಇನ್ನೂರು ಮುದ್ದೆ ಕಟ್ಟುವ ಹೆಂಗಸು ಅವಳೊಬ್ಬಳೇ.

ನಮ್ಮ ಊಟದ ಸ್ಟಾಲು ಅಂದರೆ ನಮ್ಮ ಒಲೆಯ ಊಟ ಅಂತಲೇ ಅವಳು ತಿಳಿದಳು. ಬೇರೆ ಏನು ತಿಳಿಯಬೇಕಿತ್ತು? "ಒಂದ್ ತುತ್ತು ಬಾಯ್ಗಿಟ್ರೆ ಸಾಕು ಕಣೇ ಭಾಗಿ, ಹಾಸ್ಟೆಲ್ ಕೆಲ್ಸ ನಂಗೇ ಕೊಡ್ತಾರೆ" ಅಂತ ಕೇರಿ ಪೂರ್ತಿ ಹೇಳಿಕೊಂಡು ಬಂದಳು. ಚನ್ನಪ್ಪನವರು ಅಂದದ್ದನ್ನು ಹೇಳಬೇಕು ಅಂತ ಮೂರು ಸಲ ಅವಳ ಮುಂದೆ ಕೂತೆ. ಕಾಳು ಆರಿಸುತ್ತ ಹಾಡಿಕೊಳ್ಳುತ್ತಿದ್ದಳು. ಬಾಯಿ ಬರಲಿಲ್ಲ. ಹೇಡಿ ನಾನು, ಆ ಮಾತು ಒಪ್ಪಿಕೊಳ್ಳುತ್ತೇನೆ.

ಕಮಿಟಿ ಬರುವ ದಿನ ಅವ್ವ ಹತ್ತು ಗಂಟೆಯ ಬಸ್ಸಿಗೆ ಇಳಿದಳು. ತಲೆಯ ಮೇಲೆ ಸಾರಿನ ಪಾತ್ರೆ, ಕಂಕುಳಲ್ಲಿ ರಾಗಿಹಿಟ್ಟಿನ ಚೀಲ, ಕೈಯಲ್ಲಿ ಮುದ್ದೆ ಕೋಲು. ಮುದ್ದೆ ಬಿಸಿಬಿಸಿ ಇರಬೇಕು, ಅದನ್ನು ಇಲ್ಲೇ ಕಟ್ಟುತ್ತೇನೆ ಅಂದಳು. ರವಿಕುಮಾರ್ ಮೇಷ್ಟ್ರು ಓಡಿ ಬಂದು ಅವಳನ್ನು ಸೈಕಲ್ ಸ್ಟ್ಯಾಂಡಿನ ಹಿಂದಕ್ಕೆ ಎಳೆದೊಯ್ದರು.

"ಯಾರಮ್ಮ ನಿಂಗೆ ತಾ ಅಂದೋರು? ನನ್ ಕೆಲ್ಸ ಕಳೀಬೇಕು ಅಂತಿದೀಯಾ?"

"ನಮ್ ಸ್ಟಾಲು ಅಂತಲ್ಲ ಮೇಷ್ಟ್ರೇ..."

"ಸ್ಟಾಲು ನಿಮ್ದು, ಅಡುಗೆ ಅವರ್ದು. ನಿನ್ ಮಗಳಿಗೆ ಹೇಳಿದ್ವಲ್ಲ."

ಅವ್ವ ನನ್ನ ಕಡೆ ತಿರುಗಿದಳು. ಪಾತ್ರೆ ಕೆಳಗಿಳಿಸಿ, ಸೆರಗಿನಿಂದ ಅದರ ಕಂಠಕ್ಕೆ ಚೆಲ್ಲಿದ ಸಾರು ಒರೆಸಿದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಹನ್ನೆರಡಕ್ಕೆ ಕ್ಯಾಂಟೀನಿನಲ್ಲಿ ಗಲಾಟೆ ಎದ್ದಿತು. ಭಟ್ಟರು ಉಡುಪಿ ಕಡೆಯವರು. ಇಡ್ಲಿ, ಗೋಳಿಬಜೆಗೆ ಕೈ ಎತ್ತಿ ಮುಗಿಯಬೇಕು, ಆದರೆ ಹುಟ್ಟಿದಾಗಿನಿಂದ ಮುದ್ದೆ ಕಟ್ಟಿದವರಲ್ಲ. ಕುದಿಯುವ ಎಸರಿಗೆ ಹಿಟ್ಟು ಸುರಿದು ಸೌಟಿನಲ್ಲಿ ಕಲಕಿದ್ದಾರೆ. ಮುದ್ದೆ ಒಡೆದರೆ ಒಳಗೆಲ್ಲ ಹಸಿ ಹಿಟ್ಟಿನ ಗಂಟು. ಬಸ್ಸಾರಿಗೆ ಬೆಲ್ಲ ಬೇರೆ ಹಾಕಿದ್ದರು.

"ಎಂತ ಮಾಡೂದು ಮಾರಾಯ್ರೆ, ನಂಗೆ ಬರೂದಿಲ್ಲ ಅಂತ ಮೊದ್ಲೇ ಹೇಳಿದ್ದೆ" ಅಂದರು ಭಟ್ಟರು. ಅಷ್ಟರಲ್ಲಿ ಕಮಿಟಿಯ ಕಾರು ಗೇಟಿಗೆ ಬಂದಿತ್ತು.

ಮೇಷ್ಟ್ರು ಮತ್ತೆ ಸೈಕಲ್ ಸ್ಟ್ಯಾಂಡಿಗೆ ಓಡಿ ಬಂದರು. ಈ ಸಲ ದನಿ ಬೇರೆಯಾಗಿತ್ತು. "ಮುದ್ದಮ್ಮ, ಬೇಗ ಒಂದೈವತ್ತು ಮುದ್ದೆ ಕಟ್ಟಮ್ಮ. ಸ್ಟಾಲಿನ ಹಿಂದೆ ಪರದೆ ಕಟ್ಟಿಸಿ ಗ್ಯಾಸ್ ಒಲೆ ಇಡಿಸ್ತೀನಿ. ನೀನ್ ಮಾಡಿದ್ದು ಅಂತ ಉಸಿರೆತ್ತಬಾರದು. ಬಾಯ್ಮುಚ್ಕೊಂಡಿದ್ರೆ ಹಾಸ್ಟೆಲ್ ಕೆಲ್ಸ ಆಯ್ತು ಅನ್ಕೊ. ನಾನೂ ನಿಮ್ಮೋನೇ ಅಲ್ವೇನಮ್ಮಾ?"

"ಅವ್ವ, ಬ್ಯಾಡ. ನಡಿ ಹೋಗನ" ಅಂದೆ.

"ಸುಮ್ಕಿರೇ. ಕಕ್ಕಸು ತೊಳ್ದೂ ತೊಳ್ದೂ ಕೈ ಸವೆದೋಗೈತೆ" ಅಂದವಳೇ ಕೋಲು ಎತ್ತಿಕೊಂಡು ಪರದೆಯ ಹಿಂದೆ ಹೋದಳು.

ಅವಳು ಪಾತ್ರೆಯನ್ನು ಕಾಲಿನಲ್ಲಿ ಒತ್ತಿ ಹಿಡಿದು ಹಿಟ್ಟು ತೊಳಸುವುದು ನನಗೆ ಪರದೆಯ ಸಂದಿಯಿಂದ ಕಾಣುತ್ತಿತ್ತು. ಬೆವರು ಮೂಗಿನ ತುದಿಗೆ ಬಂದಾಗ ತೋಳಿನಲ್ಲಿ ಒರೆಸಿಕೊಳ್ಳುತ್ತಿದ್ದಳು. ಕಟ್ಟಿದ ಮುದ್ದೆಗಳನ್ನು ಕ್ಯಾಂಟೀನಿನವರು ಹಾಟ್‌ಬಾಕ್ಸಿಗೆ ತುಂಬಿ, ಅವಳು ತಂದ ಸಾರನ್ನು ಬಕೆಟ್ಟಿಗೆ ಸುರಿದು, ಪರದೆಯನ್ನು ಬಳಸಿ ಬಂದು, ಭಟ್ಟರ ಅಡುಗೆಯಂತೆ ಮುಂದಿನಿಂದ ತಂದಿಟ್ಟರು.

ಡೆಲ್ಲಿ ಮೇಡಮ್ಮು, ಪ್ರಿನ್ಸಿಪಾಲರು, ಚನ್ನಪ್ಪನವರು ಮೇಜಿನ ಮೇಲೆ ಹಾಸಿದ ಬಾಳೆಎಲೆಯ ಮುಂದೆ ಕೂತರು. ಪಂಚಾಯ್ತಿಯವರು, ಊರ ದೊಡ್ಡವರು ಹತ್ತಾರು ಮಂದಿ ಸಾಲಾಗಿ ಕೂತರು. ಕೊರಳಿಗೆ ಗುಂಡುಸರ ಹಾಕಿಸಿ ನನ್ನನ್ನು ಬ್ಯಾನರಿನ ಪಕ್ಕ ನಿಲ್ಲಿಸಿದ್ದರು. ಚನ್ನಪ್ಪನವರು ಮೈಕು ತರಿಸಿಕೊಂಡು, "ನಮ್ಮಲ್ಲಿ ಭೇದಭಾವ ಇಲ್ಲ. ದಲಿತ ಮಕ್ಕಳ ಊಟ ನಾನೂ ಅವರ ಸ್ಟಾಲಿನಲ್ಲೇ ಕೂತು ಉಣ್ಣುತ್ತೇನೆ" ಅಂದರು. ಚಪ್ಪಾಳೆ ಬಿತ್ತು. ಬೇಲೂರಿನ ಫೋಟೋದವನು ಹತ್ತಿರ ಬಂದ. ಅವರು ತುತ್ತು ಮುರಿದು ಸಾರಿನಲ್ಲಿ ಅದ್ದಿ ನುಂಗಿದರು. ಫೋಟೋ ಆದಮೇಲೂ ನುಂಗಿದರು. ಎರಡನೇದಕ್ಕೆ ಕೈ ಮಾಡಿದರು. ಮೂರನೇದನ್ನು ಎಲೆಗೆ ಹಾಕಿಸಿಕೊಂಡು, "ಆಹಾ, ನಮ್ಮಜ್ಜಿ ಕಾಲದ ರುಚಿ ಕಣ್ರೀ" ಅಂತ ಬೆರಳು ನೆಕ್ಕಿದರು.

ಮೇಡಮ್ಮು ಇಂಗ್ಲಿಷಿನಲ್ಲಿ ಏನೋ ಕೇಳಿದರು. "ಅಡುಗೆ ಮಾಡಿದವರನ್ನು ನೋಡಬೇಕಂತೆ" ಅಂದರು ಪ್ರಿನ್ಸಿಪಾಲರು.

"ಭಟ್ರನ್ನ ಕರೀರಿ. ಆ ಶಾಲು ಒಂದು ತನ್ನಿ" ಅಂದರು ಚನ್ನಪ್ಪನವರು.

ಭಟ್ಟರು ಬಂದು ತಲೆ ತಗ್ಗಿಸಿ ನಿಂತರು. ಮೇಡಮ್ಮು ನಗುತ್ತ ಅವರಿಗೆ ಶಾಲು ಹೊದಿಸಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ರವಿಕುಮಾರ್ ಮೇಷ್ಟ್ರೂ ತಟ್ಟಿದರು. ಕೂಗಬೇಕು ಅನ್ನಿಸಿತು, ಜೂನಿನ ಹಾಸ್ಟೆಲ್ಲು ಕಣ್ಣ ಮುಂದೆ ಬಂತು, ಸುಮ್ಮನೆ ನಿಂತೆ.

ಆಗ ಪರದೆ ಸರಿಯಿತು.

ಅವ್ವನ ಮೊಣಕೈವರೆಗೂ ಹಿಟ್ಟು. ಅವಳು ಯಾರನ್ನೂ ನೋಡದೆ ನೇರ ಭಟ್ಟರ ಮುಂದೆ ಹೋಗಿ ಮುದ್ದೆ ಕೋಲನ್ನು ಅವರ ಕೈಗಿಟ್ಟಳು.

"ಶಾಲು ಚೆನ್ನಾಗೈತೆ ಭಟ್ರೇ, ಹೊದ್ಕಂಡೇ ಇರಿ. ಒಳಗೆ ಎಸರು ಕುದೀತಾ ಐತೆ. ಒಂದೇ ಒಂದ್ ಮುದ್ದೆ ಕಟ್ಟಿ ತೋರ್ಸಿ, ಆಯಮ್ಮನೂ ನೋಡ್ಲಿ."

"ಯೇ ಮುದ್ದಿ! ಲೌಡಿ, ಆಚೆಗೋಗೇ!" ಚನ್ನಪ್ಪನವರು ಅರ್ಧ ಎದ್ದರು. ಬಾಯಲ್ಲಿ ತುತ್ತು ಹಾಗೇ ಇತ್ತು.

"ಹೋಗ್ತೀನಿ ಗೌಡ್ರೇ. ಮೂರು ನುಂಗಿದ್ರಲ್ಲ, ಯಾವ ಕೈಯಿಂದು ಅಂತ ಗೊತ್ತಾಗ್ಬೇಕಲ್ವಾ?"

ಭಟ್ಟರು ಕೋಲನ್ನು ನೋಡಿದರು, ಅವ್ವನನ್ನು ನೋಡಿದರು. ಶಾಲು ತೆಗೆದು ಮಡಚಿ ಮೇಜಿನ ಮೇಲಿಟ್ಟರು. "ನಂಗೆ ಬರೂದಿಲ್ಲ. ಅಡುಗೆ ಇವರದ್ದೇ" ಅಂದರು.

ಚನ್ನಪ್ಪನವರಿಗೆ ಬಾಯಲ್ಲಿದ್ದದ್ದನ್ನು ಡೆಲ್ಲಿಯವರ ಮುಂದೆ ಉಗುಳುವಂತಿರಲಿಲ್ಲ, ನುಂಗಲು ಗಂಟಲು ಒಪ್ಪಲಿಲ್ಲ. ಕೆನ್ನೆ ಉಬ್ಬಿಸಿಕೊಂಡು ಕುರ್ಚಿ ದಬ್ಬಿ ನಲ್ಲಿಯ ಕಡೆ ಓಡಿದರು. ಅವರ ಹಿಂದೆ ಇನ್ನೂ ನಾಲ್ಕು ಎಲೆಯವರು ಎದ್ದು ಓಡಿದರು. ಗಂಟಲಿಗೆ ಬೆರಳು ಹಾಕಿ ಕಾರಿಕೊಳ್ಳುವ ಸದ್ದು ಮೈಕಿಲ್ಲದೆಯೇ ಎಲ್ಲರಿಗೂ ಕೇಳಿತು. ಮೇಡಮ್ಮು ಏನಾಯಿತು ಅಂತ ಕೇಳುತ್ತಲೇ ಇದ್ದರು. ಪ್ರಿನ್ಸಿಪಾಲರಿಗೆ ಅದಕ್ಕೆ ಇಂಗ್ಲಿಷ್ ಸಿಗಲಿಲ್ಲ.

"ಹಾಳ್ಮಾಡ್ಬಿಟ್ಯಲ್ಲಮ್ಮಾ, ಕೈಗೆ ಬಂದ ಕೆಲ್ಸ, ನಿಂದೂ ನಂದೂ" ಅಂತ ರವಿಕುಮಾರ್ ಮೇಷ್ಟ್ರು ಅಳುವ ದನಿಯಲ್ಲಿ ಗೊಣಗಿದರು.

ಅವ್ವ ಚನ್ನಪ್ಪನವರ ಎಲೆ ಮಡಚಿ ಬದಿಗಿಟ್ಟಳು. ಅವರು ಕೂತಿದ್ದ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಮೇಡಮ್ಮರ ಪಕ್ಕದಲ್ಲಿ ಕೂತಳು. ಹದಿನಾಲ್ಕು ವರ್ಷದಲ್ಲಿ ಆ ಕಾಲೇಜಿನ ಕುರ್ಚಿಯನ್ನು ಒರೆಸಿದ್ದಳು, ಕೂತಿರಲಿಲ್ಲ. ಹೊಸ ಎಲೆ ಹಾಸಿ, ಹಾಟ್‌ಬಾಕ್ಸಿನಿಂದ ಒಂದು ಮುದ್ದೆ ತೆಗೆದು ಇಟ್ಟುಕೊಂಡಳು. ಫೋಟೋದವನು ಕ್ಯಾಮೆರಾ ಎತ್ತಿದ. ಮೇಷ್ಟ್ರು ಓಡಿ ಹೋಗಿ ಅಂಗೈಯಿಂದ ಅದರ ಕಣ್ಣು ಮುಚ್ಚಿದರು.

"ಭಾಗೀ, ಬೆಳಗ್ಗಿಂದ ಹೊಟ್ಟೇಗೇನೂ ಬಿದ್ದಿಲ್ಲ. ನಿಂತ್ಕಂಡು ಏನ್ ನೋಡ್ತೀಯೇ? ಸಾರು ಬಿಡು."

ಕೊರಳಿನ ಗುಂಡುಸರ ಕಿತ್ತು ಬಿಸಾಕಿದೆ. ಸೌಟು ಎತ್ತಿಕೊಂಡೆ. ಅತ್ತ ನಲ್ಲಿಯ ಹತ್ತಿರ ಚನ್ನಪ್ಪನವರು ಇನ್ನೂ ಕಾರುತ್ತಿದ್ದರು. ನಾನು ಅವ್ವನ ಎಲೆಗೆ ಎರಡು ಸೌಟು ಸಾರು ಬಿಟ್ಟೆ.