ಬೇಕರಿ ಯಜಮಾನಿಯ ಕೊನೆಯ ಕಂತು

ನಮ್ಮ ಲಾಂಡ್ರಿಯಲ್ಲಿ ಬೆಳಿಗ್ಗೆ ಒಳಗೆ ಕಾಲಿಟ್ಟ ಕೂಡಲೇ ಎಲ್ಲರೂ ಫೋನನ್ನು ತಗಡಿನ ಪೆಟ್ಟಿಗೆಯೊಳಗೆ ಹಾಕಬೇಕು. ಪೆಟ್ಟಿಗೆಗೆ ಬೀಗ, ಕೀಲಿ ಯಜಮಾನಿಯ ಕೊರಳಲ್ಲಿ. ಅದಕ್ಕೇ ಬೆನ್ನ ಹಿಂದೆ ಅವರಿಗೆ ನಾವಿಟ್ಟ ಹೆಸರು ಬೀಗದಮ್ಮ. ಎದುರಿಗೆ ಮಾತ್ರ ಬಾಯ್ತುಂಬ ಮೇಡಂ. ಹಿಂದೆ ಯಾವಳೋ ಫೋನು ನೋಡುತ್ತ ನಿಂತು, ಇಸ್ತ್ರಿಯ ರೋಲರಿನಲ್ಲಿ ಹೋಟೆಲೊಂದರ ಹಾಸಿಗೆ ಬಟ್ಟೆಯನ್ನು ಸುಟ್ಟು ಕರಕಲು ಮಾಡಿದ್ದಳಂತೆ. ಅವಳು ಕೆಲಸ ಬಿಟ್ಟು ಹೋಗಿ ಎಷ್ಟೋ ಕಾಲವಾಯಿತು, ಅನುಭವಿಸುತ್ತಿರುವವರು ನಾವು.

ಮಡಿಸುವ ಕೋಣೆಯಲ್ಲಿ ನಾನು ಮತ್ತು ರೇಡಿಯೋ ಜೋಡಿ. ರೇಡಿಯೋ ಎಂದರೆ ಹೆಂಗಸೇ. ಬಾಯಿಗೆ ಬಿಡುವೇ ಇಲ್ಲದ್ದರಿಂದ ಆ ಹೆಸರು ಬಂತು. ಹೋಟೆಲುಗಳ, ಆಸ್ಪತ್ರೆಗಳ ಹಾಸಿಗೆ ಬಟ್ಟೆಗಳು ರೋಲರಿನಿಂದ ಬಿಸಿಬಿಸಿಯಾಗಿ ಬರುತ್ತವೆ. ಅವಳು ಎರಡು ಮೂಲೆ ಹಿಡಿಯುತ್ತಾಳೆ, ನಾನು ಎರಡು. ಜಾಡಿಸಿ, ಎದುರುಬದುರು ನಡೆದು ಬಂದು, ಮೂಲೆಗೆ ಮೂಲೆ ಕೂಡಿಸಿ, ಮತ್ತೆ ಹಿಂದಕ್ಕೆ ಸರಿಯುವುದು. ದಿನವಿಡೀ ಹೀಗೆ ಮುಖಕ್ಕೆ ಮುಖ ಕೊಟ್ಟು ನಡೆದಾಡಿದರೆ ಯಾವ ಗುಟ್ಟು ತಾನೇ ಉಳಿದೀತು? ನಾನು ಕಥೆ ಬರೆಯುವ ವಿಷಯ ಆ ಲಾಂಡ್ರಿಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಅವಳ ಹೊಟ್ಟೆಯಲ್ಲಿ ನಿಂತ ಒಂದೇ ಒಂದು ಮಾತು ಅದು.

ಬರೆಯುವುದು ಬಸ್ಸಿನಲ್ಲಿ, ಹೋಗುತ್ತ ಬರುತ್ತ, ಹೆಬ್ಬೆರಳಿನಲ್ಲಿ. ಬರೆದದ್ದನ್ನು ಒಂದು ಆ್ಯಪಿಗೆ ಹಾಕುತ್ತೇನೆ. ಅಲ್ಲಿ ಯಾರು ಬೇಕಾದರೂ ಬರೆದು ತಾವೇ ಪ್ರಕಟಿಸಬಹುದು, ಯಾವ ಸಂಪಾದಕರ ಮರ್ಜಿಯೂ ಬೇಕಿಲ್ಲ. ಅಲ್ಲಿ ನನ್ನ ಹೆಸರು 'ಯಾರೋ ಒಬ್ಬಳು'. ನನ್ನ ಗಂಡ ಡೆಲಿವರಿ ವ್ಯಾನು ಓಡಿಸುವವನು. "ಬರೆದ್ರೆ ಏನಾದ್ರೂ ಕೊಡ್ತಾರಾ?" ಎಂದು ಕೇಳಿದ. ಇಲ್ಲ ಎಂದೆ. "ಓದಿದೋರಿಗಾದ್ರೂ ಕೊಡ್ತಾರಾ, ಪಾಪ?" ಎಂದ. ಮೈಯೆಲ್ಲ ಉರಿದುಹೋಯಿತು. ಎಲ್ಲೋ ಇರುವ, ಮುಖ ಕಾಣದ ಒಬ್ಬಳು "ಅಕ್ಕಾ, ಮುಂದೇನಾಯ್ತು, ಬೇಗ ಹೇಳಿ" ಎಂದು ಕಥೆಯ ಕೆಳಗೆ ಬರೆದಾಗ ಆಗುವ ಖುಷಿ ಈ ಗಂಡಸಿಗೇನು ಗೊತ್ತು!

ಬೇಕರಿಯ ಕಥೆ ಹುಟ್ಟಿದ್ದು ಮಾತ್ರ ಖುಷಿಯಿಂದಲ್ಲ, ಸಿಟ್ಟಿನಿಂದ. ಒಂದು ದಿನ ರೇಡಿಯೋಳ ಮಗಳಿಗೆ ಶಾಲೆಯಲ್ಲಿ ಜ್ವರ ಏರಿತು. ಶಾಲೆಯವರು ಫೋನಿನ ಮೇಲೆ ಫೋನು ಮಾಡಿದ್ದಾರೆ, ಅದು ಪೆಟ್ಟಿಗೆಯೊಳಗೆ ಬಡಕೊಂಡು ಬಡಕೊಂಡು ಸುಮ್ಮನಾಗಿದೆ. ಕೊನೆಗೆ ಲಾಂಡ್ರಿಯ ನಂಬರು ಹುಡುಕಿ ಬೀಗದಮ್ಮನಿಗೇ ಹೇಳಿದ್ದಾರೆ. ಅವರು ಅದನ್ನು ರೇಡಿಯೋಗೆ ತಿಳಿಸಿದ್ದು ಸಂಜೆ, ಆಸ್ಪತ್ರೆಯ ಲಾರಿ ತುಂಬಿ ಹೋದ ಮೇಲೆ. ಅವಳು ಗೊಳೋ ಎಂದು ಅತ್ತಳು. "ಅಳೋದಿದ್ರೆ ಮನೇಲಿ ಅಳು. ಇಲ್ಲಿ ಬಟ್ಟೆ ಒದ್ದೆಯಾಗುತ್ತೆ" ಎಂದರು ಆ ಮಹಾತಾಯಿ. ಮಗು ಅಷ್ಟು ಹೊತ್ತೂ ಶಾಲೆಯ ಬೆಂಚಿನ ಮೇಲೆ ಮುದುಡಿ ಮಲಗಿತ್ತು. ಆವತ್ತು ಬಸ್ಸಿನಲ್ಲಿ ನನ್ನ ಹೆಬ್ಬೆರಳು ನಿಲ್ಲಲೇ ಇಲ್ಲ.

ಗುರುತು ಸಿಗಬಾರದೆಂದು ಲಾಂಡ್ರಿಯನ್ನು ಬೇಕರಿ ಮಾಡಿದೆ. ಕುಳ್ಳಗಿನ ಯಜಮಾನಿಯನ್ನು ಉದ್ದ ಮಾಡಿದೆ. ರೇಡಿಯೋಳನ್ನು ಬಾಯಿ ಬಿಟ್ಟರೆ ಮುತ್ತು ಉದುರೀತು ಎಂಬಂಥ ಮಾತೇ ಆಡದ ಹುಡುಗಿ ಮಾಡಿದೆ. ಅದಕ್ಕವಳು ನನ್ನನ್ನು ಇನ್ನೂ ಕ್ಷಮಿಸಿಲ್ಲ. ವಾರಕ್ಕೊಂದು ಕಂತು, ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ತಾನಾಗಿಯೇ ಪ್ರಕಟವಾಗುವಂತೆ ಮೊದಲೇ ಸಮಯ ಗೊತ್ತುಮಾಡಿ ಇಟ್ಟಿರುತ್ತಿದ್ದೆ.

ಮೂರ್ನಾಲ್ಕು ಕಂತು ಆಗಿತ್ತೋ ಏನೋ, ರೇಡಿಯೋ ಆ ಕಥೆಯನ್ನು ಇಸ್ತ್ರಿಯವಳಿಗೆ ಹೇಳುತ್ತಿದ್ದದ್ದು ಬೀಗದಮ್ಮನ ಕಿವಿಗೆ ಬಿತ್ತು. "ಏನೇ ಅದು? ನನಗೂ ಹಾಕಿಕೊಡು" ಎಂದರು. ರೇಡಿಯೋ ಅವರ ಫೋನಿಗೆ ಆ ಆ್ಯಪು ಹಾಕಿಕೊಟ್ಟಳು. ಅಲ್ಲಿಂದ ಮುಂದೆ ನಡೆದದ್ದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಗೋಡೆಯ ಮೇಲಿನ ಸ್ಪೀಕರಿನಲ್ಲಿ ಹಾಡು ನಿಂತು ನನ್ನ ಕಥೆ ಶುರುವಾಯಿತು! ಆ್ಯಪಿನೊಳಗಿನ ಯಂತ್ರದ ಹೆಣ್ಣು ಕಥೆಯನ್ನು ಗಟ್ಟಿಯಾಗಿ ಓದುತ್ತಾಳೆ. "ಅಯ್ಯೋ ದೇವರೇ" ಎಂಬುದನ್ನೂ ಬಸ್ ನಿಲ್ದಾಣದಲ್ಲಿ ಬಸ್ಸು ಹೊರಡುವ ಸುದ್ದಿ ಹೇಳಿದ ಹಾಗೇ ಓದುತ್ತಾಳೆ. ಬೀಗದಮ್ಮ ಸ್ಟೂಲಿನ ಮೇಲೆ ಕಾಫಿ ಹಿಡಿದು ಕೂತು ಕೇಳುತ್ತಿದ್ದರು. ಕೇಳಿ, ಬೇಕರಿ ಯಜಮಾನಿಗೆ ಶಾಪ ಹಾಕುತ್ತಿದ್ದರು. "ಥೂ, ಇವಳ ಮನೆ ಹಾಳಾಗ! ಹೆಂಗಸೋ, ರಾಕ್ಷಸಿಯೋ?" ರೇಡಿಯೋ ನಗು ತಡೆಯಲಾರದೆ ಹಾಸಿಗೆ ಬಟ್ಟೆಯ ಅಂಚನ್ನು ಹಲ್ಲಿನಲ್ಲಿ ಕಚ್ಚುತ್ತಿದ್ದಳು.

ಅವರ ಕೈಬೆರಳು ಬಟ್ಟೆ ಒಗೆಯುವ ಸೋಡಾ ನೀರಿನಲ್ಲಿ ಸವೆದು ಫೋನಿನ ಗಾಜಿಗೆ ಕೆಲಸ ಮಾಡುವುದಿಲ್ಲ. ನನ್ನ ಕೈ ಚುರುಕು ಎಂದು ನನ್ನನ್ನೇ ಕರೆಯುತ್ತಿದ್ದರು. "ಏ ಟೈಪಿಸ್ಟು, ಬಾ ಇಲ್ಲಿ. ಆ ಬರೆಯೋ ಅಮ್ಮನಿಗೆ ತುಂಬಾ ಚೆನ್ನಾಗಿದೆ ಅಂತ ಹಾಕು." ನನ್ನ ಕಥೆಯನ್ನು ನಾನೇ ಬೀಗದಮ್ಮನ ಬಾಯಲ್ಲಿ ಹೊಗಳಿಕೊಂಡೆ. ಇಂಥ ಭಾಗ್ಯ ಯಾವ ಲೇಖಕಿಗಿದೆ ಹೇಳಿ! ನನಗಿದ್ದ ಹೆದರಿಕೆ ಒಂದೇ, ಎಂದಾದರೂ ಅವರಿಗೆ ತಮ್ಮ ಗುರುತು ಸಿಕ್ಕರೆ ನನ್ನ ಕೆಲಸಕ್ಕೆ ಕಲ್ಲು ಬೀಳುತ್ತದೆ ಎಂಬುದು.

ಕೊನೆಯ ಕಂತಿನ ಗುರುವಾರ ಬಂತು. ಅದರ ಹಿಂದಿನ ವಾರದ ಕಂತಿನಲ್ಲಿ ಹುಡುಗಿಯ ತಾಯಿ ಸಾಯುವ ಹಾಗಿರುವ ಸುದ್ದಿಯನ್ನು ಯಜಮಾನಿ ಸಂಜೆಯವರೆಗೆ ಮುಚ್ಚಿಟ್ಟಿದ್ದಳು. ಬೀಗದಮ್ಮ ಅದನ್ನು ಕೇಳಿ ಕಾಫಿ ಅಲ್ಲೇ ಬಿಟ್ಟು ಎದ್ದು ಹೋಗಿದ್ದರು. ಗುರುತು ಸಿಕ್ಕಿತೇ ಎಂದು ನಾನು ವಾರವಿಡೀ ಒಳಗೊಳಗೇ ನಡುಗಿದ್ದೆ. ಈ ಗುರುವಾರ ಬೆಳಿಗ್ಗೆ ಬಂದವರೇ ನನ್ನನ್ನು ಕರೆದು ತಮ್ಮ ಫೋನು ಕೈಗಿಟ್ಟರು. ದನಿ ಎಂದಿನಂತಿರಲಿಲ್ಲ.

"ಬರಿ. ತಾಯೀ, ನಿಮಗೆ ಇದನ್ನೆಲ್ಲ ಯಾರು ಹೇಳಿದ್ರು? ಆ ಹುಡುಗಿ ನಾನೇ."

ನನ್ನ ಬೆರಳು ನಿಂತಿತು. ಕೇಳಿದ್ದು ಸರಿಯೋ ತಪ್ಪೋ ತಿಳಿಯದೆ ಅವರ ಮುಖ ನೋಡಿದೆ.

"ಯಾಕೆ ನಿಂತೆ? ಬರಿ. ಹದಿನೇಳನೇ ವಯಸ್ಸಲ್ಲಿ ನಾನೂ ಒಂದು ಕಡೆ ಬಟ್ಟೆ ಒಗೆಯೋಕಿದ್ದೆ. ಅಲ್ಲಿ ಟೆಲಿಫೋನಿಗೇ ಬೀಗ ಹಾಕಿದ್ರು. ನಮ್ಮಪ್ಪ ಹೋದ ಸುದ್ದಿ ಬೆಳಿಗ್ಗೇನೇ ಬಂದಿತ್ತು. ಆ ಹೆಂಗಸು ನನಗೆ ಹೇಳಿದ್ದು ಸಂಜೆ, ಕೆಲಸ ಎಲ್ಲ ಮುಗಿದ ಮೇಲೆ. ನಾನು ಊರು ಮುಟ್ಟೋ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು. ಅಪ್ಪನ ಮುಖ ನೋಡಲಿಲ್ಲ. ಇಷ್ಟು ವರ್ಷ ಇದನ್ನ ಯಾರಿಗೂ ಹೇಳಿಲ್ಲ. ನನ್ನಂಥೋಳ ಕಥೇನೂ ಬರೆಯೋರು ಇದ್ದಾರಲ್ಲ, ನಿಮ್ಮ ಕೈಗೆ ನಮಸ್ಕಾರ. ಬರೆದ್ಯಾ? ಕಳಿಸು."

ಕಳಿಸಿದೆ. ಅವರು ಕಣ್ಣೊರೆಸಿಕೊಂಡರು. ಕೊರಳಿನ ಕೀಲಿ ಕೈಗೆ ಅಡ್ಡ ಬಂತು, ಅದನ್ನು ಪಕ್ಕಕ್ಕೆ ಸರಿಸಿ ಮತ್ತೆ ಒರೆಸಿಕೊಂಡರು. ಆ ಕಡೆ ರೇಡಿಯೋ ಹಿಡಿದಿದ್ದ ಎರಡೂ ಮೂಲೆ ಬಿಟ್ಟಿದ್ದಳು, ಬಟ್ಟೆ ನೆಲದ ಮೇಲೆ ಬಿದ್ದಿತ್ತು. ಬೈಯುತ್ತಾರೆ, ಹೊಡೆಯುತ್ತಾರೆ, ಹೊರಗೆ ಹಾಕುತ್ತಾರೆ, ಇದೆಲ್ಲ ನಾನು ಊಹಿಸಿದ್ದೆ. ಈ ಹೆಂಗಸು ನನ್ನ ಕಥೆಯೊಳಗೆ ತಮ್ಮನ್ನು ಕಂಡುಕೊಂಡು ಅತ್ತಾರು, ಅದೂ ಆ ಹುಡುಗಿಯ ಜಾಗದಲ್ಲಿ, ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

ಆಮೇಲೆ ನೆನಪಾಯಿತು, ಕೊನೆಯ ಕಂತು! ಅದರಲ್ಲಿ ಬೇಕರಿ ಯಜಮಾನಿಯನ್ನು ನಾನು ಸಾಯಿಸಿದ್ದೆ. ಸುಮ್ಮನೆ ಸಾಯಿಸಿರಲಿಲ್ಲ, ಹಿಟ್ಟಿನ ಮೂಟೆಗಳ ಹಿಂದೆ ಬಿದ್ದು, ಒಂದು ಗುಟುಕು ನೀರಿಗೆ ಅಂಗಲಾಚಿ ಸಾಯುವಂತೆ ಬರೆದಿದ್ದೆ. ನನ್ನ ಹೊಟ್ಟೆಯಲ್ಲಿದ್ದ ವಿಷವನ್ನೆಲ್ಲ ಅಲ್ಲಿ ಕಕ್ಕಿದ್ದೆ. ಹುಡುಗಿಗೆ ಏನಾಗುತ್ತದೋ ಎಂದು ಜೀವ ಕೈಯಲ್ಲಿ ಹಿಡಿದು ಕಾಯುತ್ತಿರುವ ಇವರಿಗೆ ಹನ್ನೊಂದಕ್ಕೆ ಕೇಳಿಸುವುದು ಇವರದೇ ಸಾವು. ಕೆಲಸ ಹೋಗುವ ಹೆದರಿಕೆ ಆಗ ನನಗೆ ಎಲ್ಲೋ ಹಿಂದೆ ಬಿತ್ತು. ಇದನ್ನು ಇವರು ಕೇಳಬಾರದು, ಹೇಗಾದರೂ ತಡೆಯಬೇಕು, ಅಷ್ಟೇ. ಅವರ ಫೋನಿನಿಂದ ನನ್ನ ಖಾತೆಗೆ ಹೋಗೋಣವೆಂದರೆ ಅವರು ಹೆಗಲ ಹಿಂದೆಯೇ ನಿಂತಿದ್ದರು, ಮರುಕ್ಷಣ ಫೋನನ್ನು ವಾಪಸು ತೆಗೆದುಕೊಂಡರು.

"ಮೇಡಂ, ನನ್ನ ಫೋನು ಒಂದು ನಿಮಿಷ ಬೇಕಿತ್ತು. ತುಂಬಾ ಅರ್ಜೆಂಟು" ಎಂದೆ.

"ಯಾಕೆ?"

"ಮನೇಲಿ... ಅತ್ತೆಗೆ ಹುಷಾರಿಲ್ಲ." ಪಾಪ, ನನ್ನತ್ತೆ ಗುಂಡುಕಲ್ಲಿನ ಹಾಗಿದ್ದಾರೆ.

"ರೂಲ್ಸು ಎಲ್ಲರಿಗೂ ಒಂದೇ. ಇವತ್ತು ನಿನಗೆ ಕೊಟ್ರೆ ನಾಳೆ ಎಲ್ಲರೂ ಸಾಲು ನಿಲ್ತಾರೆ."

"ಮೇಡಂ, ದಮ್ಮಯ್ಯ ಅಂತೀನಿ. ಒಂದೇ ಒಂದು ನಿಮಿಷ."

"ಸಂಜೆ ಮಾಡು. ಅಷ್ಟರಲ್ಲಿ ಏನೂ ಆಗಲ್ಲ. ಹೋಗು, ಕೆಲಸ ನೋಡು, ಕಥೆ ಶುರುವಾಗೋ ಹೊತ್ತಾಯ್ತು."

ಅವರ ಕಣ್ಣಿನಲ್ಲಿ ನೀರು ಇನ್ನೂ ಆರಿರಲಿಲ್ಲ ಕಣ್ರೀ! ಅಪ್ಪನ ಮುಖ ನೋಡಲಿಲ್ಲ ಎಂದು ಈಗಷ್ಟೇ ಬರೆಸಿದ ಬಾಯಿ ಅದು. ನಾನು ಹೋಗಿ ನನ್ನೆರಡು ಮೂಲೆ ಹಿಡಿದೆ.

ರೇಡಿಯೋ ಮೂಲೆ ಕೂಡಿಸುವ ನೆವದಲ್ಲಿ ಹತ್ತಿರ ಬಂದು ಪಿಸುಗುಟ್ಟಿದಳು. "ಅವರು ಅತ್ತಿದ್ದು ನಿಜಾನೇ ಅಲ್ವೇನೇ?"

"ನಿಜ."

"ಮತ್ತೆ?"

"ನನಗೇನು ಗೊತ್ತು ಮಾರಾಯ್ತಿ! ಈಗ ಆ ಸ್ಪೀಕರಿನ ಬಾಯಿ ಮುಚ್ಚಿಸೋದು ಹೇಗೆ ಹೇಳು."

ಅವಳು ಬುಟ್ಟಿಯೊಂದನ್ನು ಬೋರಲು ಹಾಕಿ ಹತ್ತಿ ಸ್ಪೀಕರಿನ ವೈರಿಗೆ ಕೈ ಹಾಕಿಯೇ ಬಿಟ್ಟಳು. "ಏನೇ ಅದು?" ಎಂದು ಬೀಗದಮ್ಮ ಗದರಿದರು. "ಧೂಳು ಮೇಡಂ" ಎಂದಳು. "ಇಷ್ಟು ದಿನ ಕಾಣದ ಧೂಳು ಇವತ್ತು ಕಾಣಿಸ್ತಾ? ಇಳಿ." ಇಳಿದಳು. ಹನ್ನೊಂದಾಯಿತು.

ಯಂತ್ರದ ಹೆಣ್ಣು ಓದತೊಡಗಿದಳು. ಯಜಮಾನಿ ಉಗ್ರಾಣದಲ್ಲಿ ಕುಸಿದಳು. ಕೂಗಿದಳು. ಯಾರೂ ಬರಲಿಲ್ಲ. ಸ್ಟೂಲಿನ ಮೇಲಿದ್ದ ಬೀಗದಮ್ಮ "ಹಾಗೇ ಆಗಬೇಕು ಅವಳಿಗೆ" ಎಂದರು. ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು. ಹುಡುಗಿ ಬಾಗಿಲಿಗೆ ಬಂದಳು. ಯಜಮಾನಿ ಕಣ್ಣೀರು ಸುರಿಸಿ ನೀರು ಕೇಳಿದಳು. ಆಗ ಜೀವಮಾನದಲ್ಲಿ ಮೊದಲ ಸಲ ಆ ಹುಡುಗಿ ಬಾಯಿ ಬಿಟ್ಟು ಒಂದು ಮಾತು ಹೇಳಿ ಹೊರಟುಹೋಗುತ್ತಾಳೆ. ಅದನ್ನು ಬರೆದು ಮುಗಿಸಿದಾಗ ಭಲೇ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಯಂತ್ರದ ಹೆಣ್ಣು ಆ ಮಾತನ್ನು ಒಂದಿಷ್ಟೂ ಏರಿಳಿತವಿಲ್ಲದೆ ಓದಿದಳು.

"ಅಳೋದಿದ್ರೆ ಮನೇಲಿ ಅಳು. ಇಲ್ಲಿ ಬಟ್ಟೆ ಒದ್ದೆಯಾಗುತ್ತೆ."

ಬಟ್ಟೆ! ಹಿಟ್ಟು ಎಂದು ಬರೆಯಬೇಕಿತ್ತು. ಹಿಟ್ಟು ಒದ್ದೆಯಾಗುತ್ತೆ ಎಂದು. ಸಿಟ್ಟಿನ ಭರದಲ್ಲಿ, ಬಸ್ಸಿನ ಕುಲುಕಾಟದಲ್ಲಿ, ಕಿವಿಯಲ್ಲಿ ಕೂತಿದ್ದ ಮಾತು ಇದ್ದ ಹಾಗೇ ಬೆರಳಿಗೆ ಇಳಿದುಬಿಟ್ಟಿತ್ತು. ಇಸ್ತ್ರಿಯವಳು ರೋಲರು ನಿಲ್ಲಿಸಿದಳು. ಆ ಮಾತು ಯಾರದೆಂದು ಆ ಕೋಣೆಯಲ್ಲಿ ಯಾರಿಗೆ ಗೊತ್ತಿಲ್ಲ?

"ಬೇಕರೀಲಿ ಬಟ್ಟೆ ಎಲ್ಲಿಂದ ಬಂತು?" ಎಂದು ಬೀಗದಮ್ಮ ನಕ್ಕರು. ಬರೆದವಳ ತಪ್ಪು ಹಿಡಿದ ಖುಷಿ ಇತ್ತು ಆ ನಗುವಿನಲ್ಲಿ. ಜೊತೆಗೆ ಯಾರೂ ನಗಲಿಲ್ಲ. ಯಾಕೆಂದು ನೋಡಲು ನಮ್ಮ ಕಡೆ ತಿರುಗಿದರು. ರೇಡಿಯೋ ಅಳುತ್ತಿದ್ದಳು. ದನಿಯಿಲ್ಲ, ಬಿಕ್ಕಿಲ್ಲ, ಕಣ್ಣೀರು ಮಾತ್ರ ಪಟಪಟನೆ ಕೈಯಲ್ಲಿದ್ದ ಆಸ್ಪತ್ರೆಯ ಬಟ್ಟೆಯ ಮೇಲೆ ಬೀಳುತ್ತಿತ್ತು. ಬೀಗದಮ್ಮ ಅವಳ ಮುಖ ನೋಡಿದರು, ಒದ್ದೆಯಾಗುತ್ತಿದ್ದ ಬಟ್ಟೆ ನೋಡಿದರು. ಅವರ ನಗು ಒಮ್ಮೆಲೇ ಹೋಗಲಿಲ್ಲ, ತುಟಿಯ ಮೇಲೇ ಸ್ವಲ್ಪ ಹೊತ್ತು ಉಳಿದು, ಆಮೇಲೆ ಇಳಿಯಿತು. "ಕಥೆ ಮುಗಿಯಿತು. ನಿಮ್ಮ ಅನಿಸಿಕೆ ತಿಳಿಸಿ" ಎಂದಳು ಯಂತ್ರದ ಹೆಣ್ಣು.

ಅವರು ಎದ್ದು ಬಂದು ಮಡಿಸಿಟ್ಟ ಬಟ್ಟೆಯ ಅಟ್ಟಿಯ ಮೇಲೆ ಕೂತರು. ಅದರ ಮೇಲೆ ಯಾರಾದರೂ ಮೊಣಕೈ ಊರಿದರೂ ಕೆಂಡ ಕಾರುವವರು ಅವರು. ಆಮೇಲೆ, "ಟೈಪಿಸ್ಟು, ಬಾ" ಎಂದು ಫೋನು ಚಾಚಿದರು.

"ಬರಿ. ಆ ಹುಡುಗಿ ನಾನೇ ಅಂತ ಬೆಳಿಗ್ಗೆ ಬರೆಸಿದ್ದೆ. ಅದು ಸುಳ್ಳಲ್ಲ ತಾಯೀ. ಆದ್ರೆ ಆ ಹೆಂಗಸೂ ನಾನೇ ಅಂತೆ. ಇವರೆಲ್ಲರಿಗೂ ಗೊತ್ತಿತ್ತು, ನನಗೊಬ್ಬಳಿಗೇ ಗೊತ್ತಿರ್ಲಿಲ್ಲ. ನಾನು ಯಾವಾಗ ಅವಳಾದೆ? ಅಂಥದ್ದೊಂದು ದಿನ ಅಂತ ಇರಬೇಕಲ್ವಾ? ಬರೆಯೋರು ನೀವು, ನಿಮಗೆಲ್ಲ ಗೊತ್ತಿರುತ್ತೆ. ಯಾವತ್ತು ಅಂತ ನೀವೇ ಹೇಳಿ."

ಬರೆದೆ. ಕಳಿಸುವ ಗುಂಡಿಯ ಮೇಲೆ ಹೆಬ್ಬೆರಳಿಟ್ಟವಳು ಒತ್ತಲಾರದೆ ನಿಂತೆ. ಇಷ್ಟು ವಾರ ಈ ಹೆಂಗಸಿನ ನಡಿಗೆ, ನೋಟ, ಮಾತು ಎಲ್ಲವನ್ನೂ ಹಿಡಿದು ಬರೆದವಳು ನಾನು. ಈ ಕೀಲಿ ಕೊರಳಿಗೆ ಬರುವ ಮುಂಚೆ ಇವರು ಯಾರಾಗಿದ್ದರು ಎಂದು ಒಂದು ದಿನವಾದರೂ ಯೋಚಿಸಿದ್ದೆನೇ?

"ಗೊತ್ತಿಲ್ಲ ಅಕ್ಕಾ" ಎಂದುಬಿಟ್ಟೆ. ಮೇಡಂ ಎಂಬುದು ಬಾಯಿಗೆ ಬರಲೇ ಇಲ್ಲ. "ನೀವು ಆ ಹುಡುಗಿ ಆಗಿದ್ರಿ ಅನ್ನೋದೇ ನನಗೆ ಗೊತ್ತಿರ್ಲಿಲ್ಲ. ಗೊತ್ತಿದ್ರೆ ಹಾಗೆ ಸಾಯಿಸ್ತಿರ್ಲಿಲ್ಲ."

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟು ಹುಡುಕಿದೆ, ಸಿಗಲಿಲ್ಲ. ಆ ಮುಖದಲ್ಲಿ ಏನೂ ಉಳಿದಿರಲಿಲ್ಲ, ಬರೀ ದಿಗಿಲು. ನನ್ನ ಕೆನ್ನೆಗೆ ಎರಡು ಬಿಗಿದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಹಾಗಾದ್ರೆ ಅದನ್ನ ಕಳಿಸಬೇಡ" ಎಂದರು. "ಕೇಳಬೇಕಾದೋರನ್ನ ಕೇಳಿ ಆಯ್ತು."

ನಾನು ಅಳಿಸತೊಡಗಿದೆ. ರೋಲರಿನ ಬಳಿ ಬಟ್ಟೆ ಗುಡ್ಡೆ ಬೀಳುತ್ತಿತ್ತು, ಮಧ್ಯಾಹ್ನದ ಲಾರಿ ಬಂದು ಹೊರಗೆ ಹಾರನ್ ಹೊಡೆಯಿತು. ಅವರು ಎದ್ದು ಹೋಗಲಿಲ್ಲ, ಯಾರನ್ನೂ ಗದರಲಿಲ್ಲ. ನನ್ನ ಮುಖವನ್ನೇ ನೋಡುತ್ತ, ಉತ್ತರಕ್ಕಾಗಿ ಅಲ್ಲೇ ಕೂತಿದ್ದರು.