ವರದಿಯ ಒಂದೇ ಸಾಲು

ಸಂಜೆ ಶಾಲೆಯಲ್ಲಿ ಹತ್ತೊಂಬತ್ತು ವರ್ಷ ಲೆಕ್ಕ ಕಲಿಸಿದ ಟೀಚರಿಗೆ ಇಲಾಖೆಯ ಪತ್ರ ಬಂದಾಗ ಹೆಮ್ಮೆಯೇ ಆಯಿತು. ದುಡಿಯುವವರ ಓದಿಗೆಂದು ಹೊಸದಾಗಿ ಮಾಡಿದ ವೆಬ್‌ಸೈಟನ್ನು ಬಳಸಿ ನೋಡಿ, ಅದರ ವಿನ್ಯಾಸ ಹೇಗಿದೆ, ಕಲಿಯುವವರಿಗೆ ಎಷ್ಟು ಉಪಯೋಗ ಎಂದು ವರದಿ ಕೊಡಬೇಕಿತ್ತು. ಇಷ್ಟು ವರ್ಷಕ್ಕೆ ತಮ್ಮನ್ನೂ ಒಂದು ಮಾತು ಕೇಳಿದರಲ್ಲ ಎಂದು ಅವರು ಟೊಂಕ ಕಟ್ಟಿ ನಿಂತರು.

ತಾವೊಬ್ಬರೇ ನೋಡಿದರೆ ಸಾಲದೆಂದು, ತರಗತಿಯಲ್ಲಿ ಎಲ್ಲರೂ ಲಾಂಡ್ರಿ ಅಕ್ಕ ಎನ್ನುತ್ತಿದ್ದ ಹೆಂಗಸನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಐವತ್ತು ದಾಟಿದ ಅಕ್ಕ ಹಗಲೆಲ್ಲ ಆಸ್ಪತ್ರೆಯ ಬೆಡ್‌ಶೀಟು ಇಸ್ತ್ರಿ ಮಾಡಿ, ಸಂಜೆ ಏಳನೇ ತರಗತಿಯ ಪರೀಕ್ಷೆಗೆ ಓದುತ್ತಿದ್ದರು. ಬಿಳಿ ಪರದೆಯ ಮೇಲೆ ತಿಳಿಬೂದು ಅಕ್ಷರ. ಅಕ್ಕ ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು.

"ಪಾಠ ಎಲ್ಲಿದೆ ಟೀಚರ್? ಹಲ್ಲು ಕಿರಿಯೋ ಹುಡುಗಿ ಫೋಟೋ ಬಿಟ್ರೆ ಏನೂ ಕಾಣ್ತಿಲ್ಲ."

"ನಾನು ಹೇಳಿಕೊಡಬಾರ್ದು ಅಕ್ಕ. ನೀವೇ ಹುಡುಕಿ."

ಹುಡುಕುವುದಕ್ಕೇ ಇಪ್ಪತ್ತು ನಿಮಿಷ ಹಿಡಿಯಿತು. ಲೆಕ್ಕ ತಪ್ಪಿದರೆ ಕೆಂಪು ಗುರುತು ಬೀಳುತ್ತಿತ್ತೇ ಹೊರತು ಯಾಕೆ ತಪ್ಪೆಂದು ಒಂದಕ್ಷರವೂ ಇರಲಿಲ್ಲ. ಆದರೆ ಭಿನ್ನರಾಶಿಯ ಪುಟದಲ್ಲಿ ಹಾಳೆಯ ಚಿತ್ರವೊಂದನ್ನು ಬೆರಳಿಂದಲೇ ಮಡಚಬಹುದಿತ್ತು. ಅಕ್ಕನ ಮುಖ ಅರಳಿತು.

"ಅಯ್ಯೋ, ಅರ್ಧದಲ್ಲಿ ಅರ್ಧ ಕಾಲು! ಬೆಡ್‌ಶೀಟ್ ಮಡಚಿದ ಹಾಗೇ ಅಲ್ವಾ? ನೀವು ಒಂದಿನಾನೂ ಹೀಗೆ ಹೇಳ್ಲಿಲ್ವಲ್ಲ!"

ಟೀಚರಿಗೆ ಚುರುಕ್ಕೆಂದಿತು. ಅದೇ ಪಾಠಕ್ಕೆ ಮೂರು ತಿಂಗಳು ಗಂಟಲು ಹರಿದುಕೊಂಡಿದ್ದರು. ಆದರೂ ನಿಜವನ್ನು ನುಂಗಲಿಲ್ಲ. ಹನ್ನೊಂದು ಕುಂದುಗಳನ್ನು ಬರೆದು, ಕೊನೆಗೆ "ಭಿನ್ನರಾಶಿಯನ್ನು ಇದು ನನಗಿಂತ ಚೆನ್ನಾಗಿ ಕಲಿಸುತ್ತದೆ" ಎಂದು ಸೇರಿಸಿ ಸಹಿ ಹಾಕಿದರು.

ಮುಂದಿನ ತಿಂಗಳು ಶಾಲೆಯ ಗೋಡೆಗೆ ಸುತ್ತೋಲೆ ಅಂಟಿತ್ತು. ಸಂಜೆ ತರಗತಿಗಳು ರದ್ದು, ಇನ್ನು ಕಲಿಕೆಯೆಲ್ಲ ವೆಬ್‌ಸೈಟಿನಲ್ಲೇ. ಕೆಳಗೆ ದಪ್ಪ ಅಕ್ಷರದಲ್ಲಿ, "ಇದು ನನಗಿಂತ ಚೆನ್ನಾಗಿ ಕಲಿಸುತ್ತದೆ." ಅದರಡಿ ಟೀಚರ ಸಹಿ.

ಅವರು ಇಲಾಖೆಗೆ ಓಡಿದರು.

"ನಾನು ಹೇಳಿದ್ದು ಭಿನ್ನರಾಶಿ ಒಂದಕ್ಕೆ ಸಾರ್. ಬರೆದಿದ್ದ ಹನ್ನೊಂದು ಕುಂದು ಎಲ್ಲಿ ಹೋದ್ವು?"

"ಅವನ್ನೆಲ್ಲ ಆಮೇಲೆ ಸರಿಮಾಡ್ತೀವಿ ಮೇಡಂ," ಎಂದರು ಅಧಿಕಾರಿ. "ನೀವು ಬರೆದಿದ್ದು ಸುಳ್ಳಲ್ಲ ತಾನೇ?"

"ಸುಳ್ಳಲ್ಲ, ಆದ್ರೆ..."

"ಮತ್ತಿನ್ನೇನು?" ಅಧಿಕಾರಿ ಬೇರೊಂದು ಕಡತ ಎಳೆದುಕೊಂಡರು.

ಅಲ್ಲಿಂದ ಟೀಚರು ನೇರ ಲಾಂಡ್ರಿಗೆ ಹೋದರು. ಬಿಸಿ ಆವಿಯ ನಡುವೆ ಅಕ್ಕ ತಲೆ ಎತ್ತಲಿಲ್ಲ.

"ದಿನಾ ಮನೆಗೆ ಬನ್ನಿ ಅಕ್ಕ, ಪರೀಕ್ಷೆವರೆಗೂ ನಾನೇ ಹೇಳಿಕೊಡ್ತೀನಿ."

"ನಮ್ಮ ಸಹವಾಸ ಸಾಕಾಗಿತ್ತು ಅಂದ್ರೆ ಬಾಯಿಬಿಟ್ಟು ಹೇಳ್ಬಹುದಿತ್ತು ಟೀಚರ್. ಗೋಡೆಗೆ ಅಂಟಿಸಬೇಕಿತ್ತಾ?"

ಟೀಚರು ಹನ್ನೊಂದು ಕುಂದುಗಳ ಕಥೆ ಹೇಳಿದರೂ, ಅಕ್ಕ ಗೋಡೆಯ ಮೇಲೆ ಕಂಡಿದ್ದು ಒಂದೇ ಸಾಲು. ಅಕ್ಕ ಮುಂದಿನ ಬೆಡ್‌ಶೀಟು ಹರಡಿಕೊಂಡರು.

ಆ ವರ್ಷ ಸಂಜೆ ಶಾಲೆಯವರಲ್ಲಿ ಒಬ್ಬರೂ ಪರೀಕ್ಷೆಗೆ ಕೂರಲಿಲ್ಲ.