ತೊಟ್ಟಿನ ರೋಮ

ಮಸೂರವನ್ನು ಒರೆಸಿ ಮತ್ತೆ ನೋಡಿದಳು. ತೊಟ್ಟು ನುಣ್ಣಗೇ ಇತ್ತು. ಬೆಟ್ಟದ ನೆತ್ತಿಯಿಂದ ತಂದು ಕಚೇರಿಯ ತಾರಸಿಯ ಕುಂಡದಲ್ಲಿ ನೆಟ್ಟಿದ್ದ ನೀಲಿ ಹೂವಿನ ಗಿಡ, ಇಲ್ಲಿ ಹೂಬಿಡುವಾಗ ರೋಮವನ್ನೇ ಬಿಟ್ಟುಕೊಟ್ಟಿತ್ತು. ಪಕ್ಕದ ಕುಂಡದಲ್ಲಿದ್ದ ತಪ್ಪಲಿನ ಗಿಡಕ್ಕೂ ಇದಕ್ಕೂ ಈಗ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ.

ಅಂದರೆ ನೆತ್ತಿಯ ಹೂವು ಬೇರೆ ಪ್ರಭೇದವೇ ಅಲ್ಲ; ಚಳಿಗೆ ಕಂಬಳಿ ಹೊದ್ದ ಅದೇ ಹೂವು. ತೊಟ್ಟಿನ ರೋಮ ನೋಡಿ ಅದನ್ನು ಬೇರೆಯೆಂದು ಸಾರಿದವರು ಅವಳಿಗೆ ವಿದ್ಯೆ ಕಲಿಸಿದ ಮೇಷ್ಟ್ರು. ಜೀವಮಾನದಲ್ಲಿ ಅವರು ಹೊಸದೆಂದು ಗುರುತಿಸಿದ್ದು ಅದೊಂದನ್ನೇ. ಅದರ ಮಾತೆತ್ತಿದರೆ ಊಟ ಮರೆಯುತ್ತಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಶಿಷ್ಯರೆಲ್ಲ ಬೆನ್ನ ಹಿಂದೆ ನಗುತ್ತಿದ್ದರು, ಅವಳೂ ನಕ್ಕಿದ್ದಳು. ಈಗ ಬೆಟ್ಟದ ಹೂಗಳ ಪುಸ್ತಕ ಮತ್ತೆ ಅಚ್ಚಾಗುತ್ತಿದೆ. ಮೇಷ್ಟ್ರ ಹೂವನ್ನು ಅದರಲ್ಲಿ ಉಳಿಸುವುದೋ ಅಳಿಸುವುದೋ ಹೇಳಬೇಕಾದವಳು ಅವಳೇ. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡು ಓಡಾಡಿ ಅವಳಿಗೆ ಸಾಕಾಗಿಹೋಗಿತ್ತು.

ಮೇಷ್ಟ್ರು ತಾವೇ ಬಂದರು. ಕಣ್ಣು ಹೆಚ್ಚುಕಡಿಮೆ ಹೋಗಿತ್ತು. ಸೊಸೆ ಅವರನ್ನು ಕುರ್ಚಿಯಲ್ಲಿ ಕೂರಿಸಿ, "ಎಷ್ಟು ಸಲ ಮಾಡಿದ್ರೂ ನೀವು ಫೋನ್ ತೆಗೀತಿಲ್ವಂತೆ. ಕರ್ಕೊಂಡು ಹೋಗು ಅಂತ ಒಂದೇ ಹಠ," ಎಂದು ಹೇಳಿ ಗಾಡಿ ನಿಲ್ಲಿಸಿ ಬರಲು ಹೋದಳು.

"ಏನಾಯ್ತಮ್ಮ ಕುಂಡದ ಗಿಡ? ರೋಮ ಉಳೀತಾ?"

ಹೋಲಿಸಿ ನೋಡಲೆಂದು ಬೆಳಿಗ್ಗೆಯಷ್ಟೇ ನೆತ್ತಿಯಿಂದ ತರಿಸಿದ್ದ ಹೂವೊಂದು ಮೇಜಿನ ಮೇಲಿತ್ತು. ಅವಳ ಕೈ ಅದರತ್ತ ಹೋಯಿತು. ನಾಚಿಕೆಯಾಯಿತು, ಆದರೆ ನಾಚಿಕೆಗಿಂತ ಆಯಾಸ ದೊಡ್ಡದಾಗಿತ್ತು.

"ನೀವೇ ನೋಡಿ ಮೇಷ್ಟ್ರೇ," ಎಂದು ಅವರ ಬೆರಳಿಗೆ ಕೊಟ್ಟಳು.

ಅವರು ತೊಟ್ಟನ್ನು ಕೆಳದುಟಿಯ ಮೇಲೆ ಮೆಲ್ಲಗೆ ಎಳೆದರು. ಬೆರಳಿಗೆ ಸಿಗದ ರೋಮ ತುಟಿಗೆ ಸಿಗುತ್ತದೆಂದು, ಇಡೀ ತರಗತಿಯ ಕೈಲಿ ಹೂಗಳಿಗೆ ಮುತ್ತಿಡಿಸಿದ್ದವರು ಅವರು. ಮುಖ ಅರಳಿತು. ಆಮೇಲೆ ತೊಟ್ಟಿನ ಉದ್ದವನ್ನು ಬೆರಳಲ್ಲಿ ಅಳೆದರು.

"ಕುಂಡದಲ್ಲಿ ಕೂತು ನೀರು ಕುಡಿದದ್ದು ಇಷ್ಟು ಗಿಡ್ಡ ಇರಲ್ಲ ಕಣಮ್ಮ. ಇದು ಗಾಳಿಗೆ ತಲೆ ತಗ್ಗಿಸಿ ಬೆಳೆದದ್ದು."

ಮಸೂರದ ಪಕ್ಕದಲ್ಲಿದ್ದ ಕುಂಡದ ಹೂವಿನತ್ತ ಅವಳ ಕಣ್ಣು ಹೋಯಿತು.

"ಮನೇಲಿ ಎಲ್ರೂ ನನ್ನನ್ನ ಮಗು ಮಾಡಿಟ್ಟಿದ್ದಾರೆ. ನೀನೂ ಮಾಡ್ಬೇಡ. ಕುಂಡದ್ದು ಕೊಡು."

ಕೊಟ್ಟಳು. ಅವರು ಅದನ್ನು ತುಟಿಯ ಮೇಲೆ ಎಳೆದರು. ತಿರುಗಿಸಿ ಇನ್ನೊಂದು ಬದಿಯನ್ನೂ ಎಳೆದರು. ತುಟಿ ಒರೆಸಿಕೊಂಡು ಮತ್ತೊಮ್ಮೆ ಎಳೆದರು.

"ಯಾವಾಗಿಂದ ಗೊತ್ತು ನಿಂಗೆ?"

"ಹೋದ ವರ್ಷ ಹೂಬಿಟ್ಟಾಗಿಂದ. ಇನ್ನೊಂದು ಸಲ ಬಿಡಲಿ, ನೋಡೋಣ ಅಂತ ಕಾದೆ."

"ಇಲ್ಲೀತನಕ ಒಬ್ಳೇ ಹೊತ್ಕೊಂಡಿದ್ಯಾ," ಎಂದರು ಮೇಷ್ಟ್ರು. ತೊಟ್ಟನ್ನು ಇನ್ನೊಮ್ಮೆ ಸವರಿ, "ಪುಸ್ತಕದಿಂದ ತೆಗೆದುಬಿಡು," ಎಂದರು.

ಮೆಟ್ಟಿಲ ಮೇಲೆ ಸೊಸೆಯ ಹೆಜ್ಜೆ ಕೇಳಿಸಿತು. ಅವರು ಎರಡೂ ಹೂಗಳನ್ನು ಒಂದೇ ಕೈಗೆ ಸೇರಿಸಿಕೊಂಡು, ತಮ್ಮನ್ನು ಎಬ್ಬಿಸಲೆಂದು ಇನ್ನೊಂದು ಕೈಯನ್ನು ಶಿಷ್ಯೆಯತ್ತ ಚಾಚಿದರು.